ಆರಿಸಿದವರ ಪಾಲು

ಹದ್ದಕ್ಕ ಎಂದರೆ ಆ ಕಡಲೆಬೀಜದ ಗೋದಾಮಿನಲ್ಲಿ ಗೊತ್ತಿಲ್ಲದವರಿಲ್ಲ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರಾದರೂ ಅದನ್ನು ಕೂಗಿದರೆ, ಯಾರನ್ನಪ್ಪಾ ಕರೆಯುತ್ತಿರುವುದು ಎಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು. ಈ ಇನ್ನೊಂದು ಹೆಸರನ್ನು ಇಪ್ಪತ್ತಾರು ವರ್ಷ ಕಣ್ಣು ಸವೆಸಿ ಸಂಪಾದಿಸಿದ್ದಳು. ಸುಲಿದ ಬೀಜ ರಬ್ಬರ್ ಬೆಲ್ಟಿನ ಮೇಲೆ ಹರಿದು ಬರುತ್ತದೆ. ಎರಡೂ ಕಡೆ ಸಾಲಾಗಿ ಕೂತ ಇಪ್ಪತ್ತು ಹೆಂಗಸರು ಕೆಟ್ಟದ್ದನ್ನು ಹೆಕ್ಕಿ ಪಕ್ಕದ ಡಬ್ಬಕ್ಕೆ ಹಾಕುತ್ತಾರೆ. ಉಳಿದದ್ದು ಬೆಲ್ಟಿನ ತುದಿಯಲ್ಲಿ ಸೀದಾ ಮೂಟೆಗೆ ಬೀಳುತ್ತದೆ. ಆ ತುದಿಯ ಕೊನೆಯ ಸ್ಟೂಲು ಹದ್ದಕ್ಕನದು. ಅವಳ ಕಣ್ಣು ತಪ್ಪಿಸಿದ ಬೀಜವನ್ನು ಹಿಡಿಯಲು ಅವಳಾಚೆ ಇನ್ನು ಯಾರೂ ಇರಲಿಲ್ಲ.

ಒಳ್ಳೆಯ ಬೀಜ ಒಂದೇ ತರಹ ಇರುತ್ತದೆ, ದುಂಡಗೆ, ಗುಲಾಬಿ ಬಣ್ಣಕ್ಕೆ. ಕೆಟ್ಟದ್ದು ಮಾತ್ರ ದಿನಕ್ಕೊಂದು ವೇಷ ಹಾಕಿಕೊಂಡು ಬರುತ್ತದೆ. ಒಂದು ಮುದುಡಿರುತ್ತದೆ, ಒಂದರ ಬಣ್ಣ ಮಂಕಾಗಿರುತ್ತದೆ, ಇನ್ನೊಂದು ಮೇಲೆ ಸಾಚಾ ಇದ್ದು ಮೂತಿಯ ಬಳಿ ಸೂಜಿಮೊನೆಯಷ್ಟು ಹಸಿರು ಬೂಷ್ಟು ಹಿಡಿದಿರುತ್ತದೆ. ಹದ್ದಕ್ಕ ಪಕ್ಕದವಳಿಗೆ ಅವಳ ಅತ್ತೆಯ ನಡಿಗೆಯನ್ನು ಅಣಕಿಸಿ ತೋರಿಸುತ್ತಲೇ ಎರಡು ಬೆರಳಲ್ಲಿ ಅಂಥದನ್ನು ಎತ್ತಿ ಎಸೆಯುತ್ತಿದ್ದಳು. ಅವಳ ಬಾಯಿಗೂ ಕಣ್ಣಿಗೂ ಸಂಬಂಧವೇ ಇಲ್ಲ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು.

ಆರಿಸಿದ ಒಂದನೇ ನಂಬರ್ ಮಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಹೆಕ್ಕಿ ಬಿಸಾಕಿದ ಬೀಜ ಹೆಂಗಸರ ಮನೆಗೆ ಹೋಗುತ್ತಿತ್ತು. ವಾರಕ್ಕೊಮ್ಮೆ ತಲೆಗೆರಡು ಸೇರು, ಪುಕ್ಕಟೆ. ಅದಕ್ಕೆ ಆರಿಸಿದವರ ಪಾಲು ಎಂದು ಹೆಸರು. ಅದು ಯಾರೋ ಕರುಣೆಯಿಂದ ಎತ್ತಿ ಕೊಟ್ಟದ್ದಲ್ಲ, ಜಗಳ ಆಡಿ ಗೆದ್ದದ್ದು. ಗೆದ್ದವಳು ಹದ್ದಕ್ಕನ ತಾಯಿ. ಈಗಿನ ಯಜಮಾನನ ಅಪ್ಪನ ಕಾಲದಲ್ಲಿ, ಆರಿಸಿದ ಮಾಲೆಲ್ಲ ನಿಮಗೇ ಆದರೆ ಆರಿಸಿದವರಿಗೇನು ಎಂದು ಕೇಳಿ, ಆ ತಾಯಿ ಹೆಂಗಸರನ್ನೆಲ್ಲ ಕಟ್ಟಿಕೊಂಡು ಒಂಬತ್ತು ದಿನ ಗೇಟಿನ ಮುಂದೆ ಕೂತಿದ್ದಳು. ಹತ್ತನೇ ದಿನ ಹಳೆಯ ಯಜಮಾನ ಹೊರಗೆ ಬಂದು, ತಗೊಂಡು ಹೋಗಿ ಎಂದು ಹೆಕ್ಕಿದ ಬೀಜದ ರಾಶಿಯನ್ನು ತೋರಿಸಿದನಂತೆ. ಅವತ್ತು ಹೆಂಗಸರು ಆ ಮೂಟೆಗಳನ್ನು ತಲೆಯ ಮೇಲೆ ಹೊತ್ತು ಬೀದಿಯುದ್ದಕ್ಕೂ ನಗುತ್ತ ಹೋದರು. ತಾಯಿ ಐವತ್ತು ತುಂಬುವ ಮೊದಲೇ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ತೀರಿಕೊಂಡಳು. ಮಗಳಿಗೆ ಅವಳು ಬಿಟ್ಟುಹೋದ ಆಸ್ತಿ ಎಂದರೆ ಆ ಸ್ಟೂಲು ಮತ್ತು ಆ ಪಾಲು.

ಪಾಲಿನ ಬೀಜವನ್ನು ತಿನ್ನುವ ಹಾಗೆ ಮಾಡುವುದು ಆ ಹೆಂಗಸರಿಗೆಲ್ಲ ಗೊತ್ತಿದ್ದ ವಿದ್ಯೆ. ಬಟ್ಟೆಯಲ್ಲಿ ತಿಕ್ಕಿ ಬೂಷ್ಟು ಒರೆಸುವುದು, ಎರಡು ದಿನ ಬಿಸಿಲಿಗೆ ಹಾಕುವುದು, ಕಹಿ ಗೊತ್ತಾಗದಷ್ಟು ಕಪ್ಪಗೆ ಹುರಿದು ಬೆಲ್ಲ ಸೇರಿಸಿ ಪುಡಿ ಮಾಡುವುದು. ಹದ್ದಕ್ಕನ ಮನೆಯಲ್ಲಿ ಈ ಪುಡಿಗೆ ಒಬ್ಬಳು ಮುಖ್ಯ ಗಿರಾಕಿ ಇದ್ದಳು, ಹದಿನಾಲ್ಕು ತಿಂಗಳ ಮೊಮ್ಮಗಳು. ಮಗಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದಳು, ಅಳಿಯ ತಿಂಗಳಲ್ಲಿ ಮೂರು ವಾರ ಲಾರಿಯ ಮೇಲೆ. ಮಗುವಿನ ಊಟ ಅಜ್ಜಿಯ ಜವಾಬ್ದಾರಿ. ಮಗು ಯಾಕೋ ಬೆಳೆಯುತ್ತಲೇ ಇರಲಿಲ್ಲ. ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿ ತೂಕದ ಗೆರೆ ನಾಲ್ಕು ತಿಂಗಳಿಂದ ಮಲಗಿಬಿಟ್ಟಿತ್ತು. ಕಡಲೆಬೀಜದಲ್ಲಿ ಶಕ್ತಿಯಿದೆ ಎಂದು ಯಾರು ಹೇಳಿಲ್ಲ? ಹದ್ದಕ್ಕ ಗಂಜಿಗೆ ಹಾಕುತ್ತಿದ್ದ ಒಂದು ಚಮಚ ಪುಡಿಯನ್ನು ಎರಡು ಮಾಡಿದಳು. ಆಮೇಲೆ ಮೂರು ಮಾಡಿದಳು.

ಅಷ್ಟರಲ್ಲಿ ಹೊರದೇಶಕ್ಕೆ ಹೋದ ಒಂದು ಲೋಡ್ ವಾಪಸು ಬಂತು. ಯಜಮಾನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆರು ತಿಂಗಳ ಹಿಂದೆ ಅವನೇ ಬೆಲ್ಟಿನ ವೇಗ ಹೆಚ್ಚಿಸಿದ್ದ. ಕೈ ಸಾಲುತ್ತಿಲ್ಲ ಎಂದು ಹೆಂಗಸರು ಹೇಳಿದರೆ, ಬಾಯಿ ಕಮ್ಮಿ ಮಾಡಿ ಕೈ ಜಾಸ್ತಿ ಮಾಡಿ ಎಂದಿದ್ದ. ಈಗ ಕೊಂಡವರು ಪರೀಕ್ಷೆ ಮಾಡಿಸಿ, ಬೀಜದಲ್ಲಿ ಬೂಷ್ಟಿನ ವಿಷ ಇದೆ ಎಂದು ಮೂಟೆಗಳನ್ನು ಬಂದರಿನಿಂದಲೇ ತಿರುಗಿಸಿದ್ದರು. ಅವರಿಗೆ ನಂಬಿಕೆ ಬರುವ ತನಕ ಪ್ರತಿ ಲೋಡನ್ನೂ ಪ್ರಯೋಗಾಲಯದವರು ಪರೀಕ್ಷೆ ಮಾಡಲೇಬೇಕಿತ್ತು. ಹೀಗೆ ಗೋದಾಮಿಗೆ ಒಬ್ಬ ಯುವತಿ ಬಂದಳು. ಬಿಳಿ ಕೋಟು, ಕೈಯಲ್ಲಿ ಮೂಟೆಗೆ ಚುಚ್ಚಿ ಬೀಜ ತೆಗೆಯುವ ಉದ್ದನೆಯ ಕೊಳವೆ. ಹೆಂಗಸರು ಅವಳನ್ನು ಟೆಸ್ಟ್ ಮೇಡಂ ಎಂದು ಕರೆದರು.

ಟೆಸ್ಟ್ ಮೇಡಂ ಮೊದಲು ಮಾಡಿಸಿದ ಕೆಲಸ ಬೆಲ್ಟಿನ ವೇಗ ಇಳಿಸಿದ್ದು. ಆಮೇಲೆ ಹದ್ದಕ್ಕನ ಪಕ್ಕ ನಿಂತು ಅರ್ಧ ಗಂಟೆ ಅವಳ ಬೆರಳುಗಳನ್ನೇ ನೋಡಿದಳು. ಹದ್ದಕ್ಕನಿಗೆ ಹೆಮ್ಮೆ ಉಕ್ಕಿತು. ಮೇಡಂ ಒಂದನೇ ನಂಬರಿನ ಮೂಟೆಗೆ ಕೊಳವೆ ಚುಚ್ಚಿದಾಗ, ನಮ್ಮ ಡಬ್ಬದ ಬೀಜವನ್ನೂ ಪರೀಕ್ಷೆ ಮಾಡಿ, ನಾವು ಎಂಥ ಕಸ ಹೆಕ್ಕಿದ್ದೇವೆ ಎಂದು ಯಜಮಾನರಿಗೂ ಗೊತ್ತಾಗಲಿ ಎಂದು ಅವಳೇ ಬಾಯಿ ಬಿಟ್ಟು ಕೇಳಿಕೊಂಡಳು. ಬೇಕಿಲ್ಲದಿದ್ದರೂ ಆ ಹುಡುಗಿ ನಕ್ಕು ಅದನ್ನೂ ಒಂದು ಚೀಲಕ್ಕೆ ತುಂಬಿಕೊಂಡಳು.

ಮೂರನೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಕಾಗದ ಹಿಡಿದು ಬಂದಳು. ಒಂದನೇ ನಂಬರ್ ಮಾಲು ಸ್ವಚ್ಛವಾಗಿತ್ತು, ಎಷ್ಟೆಂದರೆ ಮಿತಿಯ ಹತ್ತಿರಕ್ಕೂ ಹೋಗಿರಲಿಲ್ಲ.

"ಅಕ್ಕ, ನಿಮ್ಮ ಕಣ್ಣಿಗೆ ಕೈ ಮುಗೀಬೇಕು," ಎಂದಳು. "ಈ ಲೋಡಲ್ಲಿದ್ದ ವಿಷ ಹೆಚ್ಚುಕಮ್ಮಿ ಪೂರ್ತಿ ನಿಮ್ಮ ಡಬ್ಬಕ್ಕೆ ಬಂದಿದೆ. ತಿನ್ನೋ ಪದಾರ್ಥದಲ್ಲಿ ಇರಬಹುದು ಅಂತಾರಲ್ಲ, ಅದರ ನೂರು ಪಟ್ಟಿಗಿಂತ ಜಾಸ್ತಿ ಇದೆ ಇದ್ರಲ್ಲಿ. ಈ ಡಬ್ಬ ತುಂಬಿದ ಮೇಲೆ ಎಲ್ಲಿಗೆ ಹೋಗುತ್ತೆ? ಸುಡ್ತಾರಾ?"

ಹದ್ದಕ್ಕ ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ಹಾಕಿದಳು.

"ನಮ್ಮನೆಗೆ," ಎಂದಳು.

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ನೆಲದ ಮೇಲೇ ಹದ್ದಕ್ಕನ ಎದುರು ಕೂತುಬಿಟ್ಟಳು. ಈ ವಿಷಕ್ಕೆ ಅಫ್ಲಾಟಾಕ್ಸಿನ್ ಎನ್ನುತ್ತಾರೆ ಎಂದಳು. ಬೀಜ ಸರಿಯಾಗಿ ಒಣಗದೆ ಮೂಟೆಯಲ್ಲಿ ಬೆಚ್ಚಗಾದರೆ ಒಂದು ಜಾತಿಯ ಬೂಷ್ಟು ಹುಟ್ಟಿ ಇದನ್ನು ಬಿಡುತ್ತದೆ. ಬೂಷ್ಟು ಒರೆಸಿದರೂ ವಿಷ ಬೀಜದೊಳಗೇ ಇರುತ್ತದೆ, ಮನೆಯಲ್ಲಿ ಎಷ್ಟು ಹುರಿದರೂ ಪೂರ್ತಿ ಸಾಯುವುದಿಲ್ಲ. ಒಂದು ದಿನ ತಿಂದರೆ ಏನೂ ತಿಳಿಯದಿರಬಹುದು, ವರ್ಷಗಟ್ಟಲೆ ತಿಂದರೆ ಲಿವರಿಗೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಕಾಮಾಲೆಯ ಸೋಂಕು ಮೊದಲೇ ಒಳಗಿದ್ದವರಿಗಂತೂ ಇನ್ನೂ ಹೆಚ್ಚು. ಇದನ್ನು ತಿಂದು ಬೆಳೆದ ಮಕ್ಕಳು ಕುಳ್ಳಗೆ ಉಳಿಯುತ್ತಾರೆ ಎಂದೂ ತಿಳಿದವರು ಹೇಳುತ್ತಾರೆ. ಹದ್ದಕ್ಕ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿದಳು. ಇಪ್ಪತ್ತಾರು ವರ್ಷ ಅವಳ ಕಣ್ಣು ಎಷ್ಟು ಚುರುಕಾಯಿತೋ, ಅವಳ ಮನೆಗೆ ಹೋದ ಪಾಲು ಅಷ್ಟೇ ಕೆಟ್ಟದಾಗಿತ್ತು.

ಅವತ್ತು ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ಹೋಗಿ ಪುಡಿಯ ಡಬ್ಬವನ್ನು ಹಿತ್ತಲ ಗುಂಡಿಗೆ ಸುರಿದು ಮೇಲೆ ಮಣ್ಣು ಎಳೆದಳು. ಅಮ್ಮನಿಗೆ ಏನೋ ಆಗಿದೆ ಎಂದು ಮಗಳು ಗಾಬರಿಯಾದಳು. ವಿಷಯ ಕೇಳಿದ ಮೇಲೆ ಮಗಳು ಅಳಲಿಲ್ಲ, ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಹದ್ದಕ್ಕ ತಡೆದುಕೊಳ್ಳುತ್ತಿದ್ದಳು.

ಮರುದಿನ ತಾಯಿ ಮಗಳು ಇಬ್ಬರೂ ರಜೆ ಹಾಕಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಸಮಾಧಾನದ ಮನುಷ್ಯ. ಮಗು ಬೆಳೆಯದಿರಲು ಹತ್ತು ಕಾರಣ ಇರಬಹುದು, ರಕ್ತ ಪರೀಕ್ಷೆ ಮಾಡೋಣ, ಆ ಪುಡಿಯನ್ನಂತೂ ಇನ್ನು ತೋರಿಸಲೂ ಬೇಡಿ ಎಂದ. ಹದ್ದಕ್ಕ ತನ್ನ ತಾಯಿಯ ಊದಿದ ಹೊಟ್ಟೆಯ ಕತೆಯನ್ನೂ ಹೇಳಿದಳು.

"ಅದರಿಂದಲೇ ಆಯ್ತು ಅಂತ ಈಗ ಹೇಳೋಕಾಗಲ್ಲಮ್ಮ," ಎಂದ ಡಾಕ್ಟರು.

"ಅದರಿಂದ ಅಲ್ಲ ಅಂತ ಹೇಳೋಕಾಗುತ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟು, ಅದೂ ಆಗುವುದಿಲ್ಲ ಎಂದು ಒಪ್ಪಿಕೊಂಡ. ಹದ್ದಕ್ಕನಿಗೆ ಅಷ್ಟು ಸಾಕಾಗಿತ್ತು. ಮಗುವನ್ನು ಮಗಳ ಕೈಗೆ ಕೊಟ್ಟು ಅರ್ಧ ದಿನಕ್ಕಾದರೂ ಆಗಲಿ ಎಂದು ಗೋದಾಮಿಗೆ ಹೋದಳು.

ಪಾಲು ತಗೊಳ್ಳಬೇಡಿ ಎಂದು ಹೇಳುವುದು ಸುಲಭ ಎಂದುಕೊಂಡಿದ್ದರೆ ಅದು ಅವಳ ಭ್ರಮೆ. ಹೆಂಗಸರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ವರ್ಷ ತಿಂದಿದ್ದೇವೆ, ಗುಂಡುಕಲ್ಲಿನ ಹಾಗಿದ್ದೇವೆ ಎಂದಳು ಒಬ್ಬಳು. ಪಾಲು ತಪ್ಪಿಸಲು ಯಜಮಾನ ಆ ಬಿಳಿ ಕೋಟಿನವಳಿಂದ ಆಡಿಸಿದ ನಾಟಕ ಎಂದಳು ಇನ್ನೊಬ್ಬಳು. ಎಲ್ಲರಿಗಿಂತ ಜೋರಾಗಿ ಉರಿದವಳು ಗೊಣಗಜ್ಜಿ. ಆ ಒಂಬತ್ತು ದಿನ ಹದ್ದಕ್ಕನ ತಾಯಿಯ ಪಕ್ಕದಲ್ಲೇ ಗೇಟಿನ ಮುಂದೆ ಕೂತಿದ್ದವಳು ಅವಳು. ಈಗ ಅರವತ್ತೆಂಟಾದರೂ ಬೆಲ್ಟಿನ ಮಧ್ಯದ ಸ್ಟೂಲನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಎದ್ದರೂ ಕೂತರೂ ಗೊಣಗುತ್ತಿದ್ದುದರಿಂದ ಆ ಹೆಸರು.

"ನಿಮ್ಮಮ್ಮ ಉಪವಾಸ ಕೂತು ತಂದಿದ್ದನ್ನ ನೀನು ಕೂತಲ್ಲೇ ಬಿಟ್ಟುಕೊಡ್ತೀಯಲ್ಲೇ," ಎಂದಳು ಗೊಣಗಜ್ಜಿ. "ಅವಳ ಹೊಟ್ಟೇಲಿ ಹುಟ್ಟಿದವಳಾ ನೀನು?"

ಅಷ್ಟರಲ್ಲಿ ಯಜಮಾನನ ಕಿವಿಗೂ ಸುದ್ದಿ ಬಿತ್ತು. ಅವನಿಗೆ ಹಾಲು ಕುಡಿದಷ್ಟು ಸಂತೋಷ. ಹೆಂಗಸರ ಆರೋಗ್ಯಕ್ಕಿಂತ ತನಗೆ ಬೇರೇನೂ ಮುಖ್ಯವಲ್ಲ, ಈ ವಾರದಿಂದಲೇ ಪಾಲು ನಿಲ್ಲಿಸುತ್ತೇನೆ ಎಂದು ಸಾರಿದ. ಹೆಕ್ಕಿದ ಬೀಜವನ್ನು ಏನು ಮಾಡುತ್ತೀರಿ ಎಂದು ಹದ್ದಕ್ಕ ಕೇಳಿದ್ದಕ್ಕೆ, ಅದು ನಿನ್ನ ತಲೆನೋವಲ್ಲ ಎಂದು ಹೇಳಿ ಕಚೇರಿಗೆ ನಡೆದ. ಮೂರು ದಿನ ಹೆಂಗಸರಲ್ಲಿ ಯಾರೂ ಹದ್ದಕ್ಕನ ಜೊತೆ ಮಾತಾಡಲಿಲ್ಲ. ಅತ್ತೆಯ ನಡಿಗೆ ತೋರಿಸಿದರೂ ಪಕ್ಕದವಳು ನಗಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಒಂದು ಸಣ್ಣ ವ್ಯಾನು ಹಿಮ್ಮುಖವಾಗಿ ಬಂದು ಗೋದಾಮಿನ ಬಾಗಿಲಿಗೆ ನಿಂತಿತು. ಹೆಕ್ಕಿದ ಬೀಜದ ಆರು ಸಣ್ಣ ಮೂಟೆಗಳನ್ನು ಕೂಲಿಯವರು ಗೋಡೆಯ ಪಕ್ಕ ಸಾಲಾಗಿ ಜೋಡಿಸಿದ್ದರು. ವ್ಯಾನಿನವನು ಹೊಸಬ, ಮಾತಿನ ಮಲ್ಲ. ಇದನ್ನೇನು ಮಾಡುತ್ತೀಯಪ್ಪ ಎಂದು ಗೊಣಗಜ್ಜಿ ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದ. ಹುರಿದು, ಸಕ್ಕರೆ ಹಾಕಿ, ಪುಡಿ ಮಾಡಿ ಪೊಟ್ಟಣ ಕಟ್ಟುತ್ತೇವೆ, ಎಲ್ಲ ಸಣ್ಣ ಅಂಗಡಿಗಳಲ್ಲೂ ಸಿಗುತ್ತದೆ, ಮಕ್ಕಳಿಗೆ ಪ್ರಾಣ. ಹಾಗೆಂದು ಸೀಟಿನ ಕೆಳಗಿಂದ ಒಂದು ಪೊಟ್ಟಣ ತೆಗೆದು ಅಜ್ಜಿಯ ಕೈಗಿಟ್ಟ, ನಗುವ ಮೊಲದ ಚಿತ್ರವಿದ್ದ ಹಳದಿ ಪೊಟ್ಟಣ. ಗೊಣಗಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಶಾಲೆ ಬಿಟ್ಟ ಮೇಲೆ ಮರಿಮಗನಿಗೆ ದಿನಾ ಅವಳೇ ಕೊಡಿಸುತ್ತಿದ್ದ ಪೊಟ್ಟಣ ಅದು. ಅವಳು ಹುಟ್ಟಿದ ಮೇಲೆ ಮೊದಲ ಬಾರಿಗೆ ಗೊಣಗುವುದನ್ನು ಮರೆತಳು.

ಹದ್ದಕ್ಕ ಅಷ್ಟು ಹೊತ್ತು ಕಾಯಲಿಲ್ಲ. ಮೂಟೆಗಳ ಮೇಲೆ ನಂಬರ್ ಬರೆಯುವ ನೀಲಿ ಮಸಿಯ ಡಬ್ಬ ತೂಕದ ಯಂತ್ರದ ಪಕ್ಕದಲ್ಲಿತ್ತು. ಅದನ್ನು ಎತ್ತಿಕೊಂಡಳು. ಆರು ಮೂಟೆಗಳ ಬಾಯಿ ಬಿಚ್ಚಿ, ಒಂದೊಂದಕ್ಕೂ ಮಸಿ ಸುರಿದು, ಮೊಣಕೈ ತನಕ ಕೈ ಇಳಿಸಿ ಕಲಸಿದಳು. ಕೂಲಿಯವರು ತಡೆಯಲು ಬಂದು ಅವಳ ಮುಖ ನೋಡಿ ಹಿಂದೆ ಸರಿದರು. ಯಜಮಾನ ಓಡಿ ಬರುವ ಹೊತ್ತಿಗೆ ಐದು ಮೂಟೆ ಮುಗಿದಿತ್ತು. ಆರನೆಯದನ್ನು ಅವನ ಕಣ್ಣೆದುರಿಗೇ ಮುಗಿಸಿದಳು.

ಅವನು ಬಾಯಿಗೆ ಬಂದ ಹಾಗೆ ಬೈದ. ಈ ಗಳಿಗೆಯಿಂದ ನಿನಗೆ ಇಲ್ಲಿ ಕೆಲಸವಿಲ್ಲ, ನಡಿ ಆಚೆ ಎಂದ. ಹದ್ದಕ್ಕ ನೀಲಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಆಚೆ ಹೋಗದೆ ತನ್ನ ಸ್ಟೂಲಿಗೆ ಹೋಗಿ ಕೂತಳು.

"ಹೋಗಲ್ಲ, ಯಜಮಾನ್ರೇ," ಎಂದಳು. "ಬೇಕಾದ್ರೆ ಸ್ಟೂಲ್ ಸಮೇತ ಎತ್ತಿ ಹಾಕಿ."

ಮಧ್ಯಾಹ್ನ ಟೆಸ್ಟ್ ಮೇಡಂ ಹೊಸ ಲೋಡಿನ ಬೀಜ ತೆಗೆಯಲು ಬರುವವಳಿದ್ದಳು. ಆ ಲೋಡೂ ವಾಪಸಾದರೆ ಹೊರದೇಶದವರು ಇನ್ನು ಈ ಗೋದಾಮಿನ ಕಡೆ ತಲೆ ಹಾಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಇವಳೊಬ್ಬಳಿಲ್ಲದಿದ್ದರೆ ಏನು ಮುಳುಗಿ ಹೋಗುತ್ತದೆ ಎಂದುಕೊಂಡು ಯಜಮಾನ ತಾನೇ ಹೋಗಿ ಬೆಲ್ಟಿನ ಗುಂಡಿ ಒತ್ತಿದ. ಬೀಜ ಹರಿಯತೊಡಗಿತು. ಹದ್ದಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಹಂಗಾದ್ರೆ ಇವತ್ತಿಂದ ಕಣ್ಣು ಮುಚ್ಚಿಕೊಂಡು ಆರಿಸ್ತೀನಿ," ಎಂದಳು. "ನಮ್ಮ ಮಕ್ಕಳು ತಿನ್ನಬಹುದಾದ್ದು ಎಲ್ಲರ ಮಕ್ಕಳೂ ತಿನ್ನಬಹುದು. ನಿಮ್ಮ ಮೂಟೆಗೇ ಬೀಳಲಿ ಎಲ್ಲಾ."

ಹೇಳಿದವಳು ನಿಜವಾಗಿಯೂ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಅವಳಿಗೆ ಭಯವಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಯಾರೂ ಜೊತೆಗೆ ಬರದಿದ್ದರೆ ಸಂಜೆ ಬರಿಗೈಯಲ್ಲಿ ಮನೆಗೆ ಹೋಗಿ ಮಗಳ ಮುಖ ಹೇಗೆ ನೋಡುವುದು ಎಂದು ಯೋಚಿಸುತ್ತಿದ್ದಳು. ಆಗ ಬೆಲ್ಟಿನ ನಡುವಿನಿಂದ ಒಂದು ಗೊರಕೆ ಕೇಳಿಸಿತು. ಗೊಣಗಜ್ಜಿ ಹಳದಿ ಪೊಟ್ಟಣವನ್ನು ಎದೆಗೊತ್ತಿ ಹಿಡಿದು, ಕಣ್ಣು ಮುಚ್ಚಿ, ನಾಟಕದವರೂ ನಾಚುವ ಹಾಗೆ ಗೊರಕೆ ಹೊಡೆಯುತ್ತಿದ್ದಳು. ಪಕ್ಕದವಳು ಕಿಸಕ್ಕನೆ ನಕ್ಕು ಕಣ್ಣು ಮುಚ್ಚಿದಳು. ಒಬ್ಬೊಬ್ಬರಾಗಿ ಇಪ್ಪತ್ತು ಜೋಡಿ ಕಣ್ಣು ಮುಚ್ಚಿದವು. ಬೆಲ್ಟಿನ ಮೇಲೆ ಮುದುಡಿದ್ದು, ಕಪ್ಪಾದದ್ದು, ಹಸಿರು ಹಿಡಿದದ್ದು ಎಲ್ಲ ಒಳ್ಳೆಯದರ ಜೊತೆ ಮೆರವಣಿಗೆ ಹೊರಟು ಒಂದನೇ ನಂಬರಿನ ಮೂಟೆಗೆ ದಬದಬನೆ ಬಿದ್ದವು.

ಯಜಮಾನ ಬೆಲ್ಟಿನ ಪಕ್ಕ ಓಡಾಡಿ ತಾನೇ ಹೆಕ್ಕಲು ನೋಡಿದ. ಅವನು ಎತ್ತಿ ಬಿಸಾಕಿದ ಹತ್ತರಲ್ಲಿ ಏಳು ಒಳ್ಳೆಯ ಬೀಜ. ಮೂರು ಮೂಟೆ ಹಾಗೇ ತುಂಬಿದ ಮೇಲೆ ಬೆವರು ಒರೆಸಿಕೊಂಡು ಬೆಲ್ಟು ನಿಲ್ಲಿಸಿದ. ಏನು ಬೇಕು ನಿಮಗೆ ಎಂದ.

ಹದ್ದಕ್ಕ ಕಣ್ಣು ಬಿಟ್ಟಳು. ಬೇಕಾದದ್ದು ಹೆಚ್ಚೇನಿರಲಿಲ್ಲ. ಹೆಕ್ಕಿದ ಬೀಜಕ್ಕೆ ವಾರವಾರವೂ ಹೆಂಗಸರೇ ಮಸಿ ಹಾಕುತ್ತಾರೆ, ಅದು ಇಟ್ಟಿಗೆಗೂಡಿನ ಬೆಂಕಿಗೆ ಬಿಟ್ಟು ಬೇರೆಲ್ಲಿಗೂ ಹೋಗಕೂಡದು. ಬೆಲ್ಟಿನ ವೇಗವನ್ನು ಟೆಸ್ಟ್ ಮೇಡಂ ಹೇಳದೆ ಯಾರೂ ಮುಟ್ಟಕೂಡದು. ಇನ್ನು ಪಾಲು ನಿಲ್ಲುವುದಿಲ್ಲ, ತಲೆಗೆರಡು ಸೇರು ಹಾಗೇ ಸಿಗಬೇಕು, ಹಡಗು ಹತ್ತುವ ಒಂದನೇ ನಂಬರಿನಿಂದ.

ಮೊದಲಿನೆರಡಕ್ಕೆ ಹೂಂ ಎಂದ ಯಜಮಾನ ಮೂರನೆಯದಕ್ಕೆ ಹೌಹಾರಿದ. "ಅತಿಯಾಯ್ತು ಕಣಮ್ಮ. ನಿಮ್ಮಮ್ಮ ಕೇಳಿದ್ದೇ ಆ ಹೆಕ್ಕಿದ ಬೀಜನ. ನಮ್ಮಪ್ಪ ಕೊಟ್ರು. ಕೇಳಿದ್ದನ್ನ ಕೊಟ್ಟಿದ್ದು ತಪ್ಪಾ?"

"ನಮ್ಮಮ್ಮ ಕೇಳಿದ್ದು ಪಾಲು," ಎಂದಳು ಹದ್ದಕ್ಕ. "ಕಸ ತೋರಿಸಿ ಇದೇ ಪಾಲು ಅಂದಿದ್ದು ನಿಮ್ಮಪ್ಪ."

ಗೊಣಗಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹೌದು, ನಾನೇ ಅಲ್ಲಿದ್ದೆ, ಹಾಗೇ ಆದದ್ದು ಎಂದಳು. ಹನ್ನೊಂದೂವರೆಯಾಗಿತ್ತು. ಯಜಮಾನ ಗೋಡೆಯ ಗಡಿಯಾರ ನೋಡಿದ, ಕೆಟ್ಟುಹೋದ ಮೂರು ಮೂಟೆ ನೋಡಿದ, ಆಮೇಲೆ ಒಪ್ಪಿದ. ಹೆಂಗಸರು ಆ ಮೂರೂ ಮೂಟೆಗಳನ್ನು ಬೆಲ್ಟಿಗೆ ಸುರಿಸಿ ಮೊದಲಿಂದ ಆರಿಸಿದರು. ಲೋಡು ಪಾಸಾಯಿತು.

ಶನಿವಾರ ಸಂಜೆ ಹದ್ದಕ್ಕ ಎರಡು ಸೇರು ಒಂದನೇ ನಂಬರ್ ಬೀಜ ಹೊತ್ತು ಮನೆಗೆ ಬಂದಳು. ಮಗಳು ಹತ್ತು ದಿನದಿಂದ ಅವಳ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು, ಮಗುವಿನ ಗಂಜಿಯ ಚಮಚವನ್ನು ಅವಳ ಕೈಗೆ ಕೊಟ್ಟಿರಲಿಲ್ಲ. ಹದ್ದಕ್ಕ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಬೀಜ ಹರವಿದಳು. ಕಿಟಕಿಯ ಬೆಳಕಿಗೆ ತಿರುಗಿ ಕೂತು ಒಂದೊಂದನ್ನೇ ತಿರುವಿ ನೋಡತೊಡಗಿದಳು. ಮೊಮ್ಮಗಳು ಅಂಬೆಗಾಲಿಟ್ಟು ಬಂದು ಅವಳ ತೊಡೆಗೆ ಒರಗಿತು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ತಡೆಯಲಾಗಲಿಲ್ಲ.

"ಹಡಗಿಗೆ ಹೋಗೋ ಮಾಲಲ್ವಾ ಅಮ್ಮ ಅದು? ಅದನ್ನೂ ಮತ್ತೆ ಆರಿಸ್ತೀಯಾ?"

ಹದ್ದಕ್ಕ ಇನ್ನೊಂದು ಬೀಜವನ್ನು ಬೆಳಕಿಗೆ ಹಿಡಿದಳು.

"ಇಪ್ಪತ್ತಾರು ವರ್ಷ ಯಾರ್ಯಾರದೋ ಮಕ್ಕಳಿಗೆ ಆರಿಸಿದ್ದೀನಿ," ಎಂದಳು. "ಇವಳಿಗೆ ಅಂತ ಆರಿಸ್ತಿರೋದು ಇವತ್ತೇ ಮೊದಲು."